ಲೋಕಸಭೆಯಲ್ಲಿ ಕನ್ನಡದ ನುಡಿ: ಜೆ.ಎಚ್. ಪಟೇಲರ ಸಂಸದೀಯ ಬದುಕು

ಲೋಕಸಭೆಯ ಹಳೆಯ ನಡಾವಳಿ ಸಂಪುಟಗಳನ್ನು ತಿರುವಿ ನೋಡಿದವರಿಗೆ ಕೆಲವು ಭಾಷಣಗಳ ತಲೆಯಲ್ಲಿ ಒಂದು ಚಿಕ್ಕ ನಕ್ಷತ್ರದ ಗುರುತು ಕಾಣಸಿಗುತ್ತದೆ. ಪುಟದ ಅಡಿಗೆ ಕಣ್ಣು ಹಾಯಿಸಿದರೆ, ಮೂಲ ಭಾಷಣವು ಕನ್ನಡದಲ್ಲಿತ್ತು, ಇಲ್ಲಿ ಮುದ್ರಿಸಿರುವುದು ಅದರ ಇಂಗ್ಲಿಷ್ ಅನುವಾದ ಎಂಬರ್ಥದ ಒಂದು ಸಾಲು ಇರುತ್ತದೆ. ತಮಿಳು, ತೆಲುಗು, ಮಲಯಾಳ, ಬಂಗಾಳಿ ಭಾಷಣಗಳಿಗೂ ಇಂಥದೇ ಗುರುತು. ಓದುವವರು ಸಾಮಾನ್ಯವಾಗಿ ಗಮನಿಸದೆ ಮುಂದೆ ಹೋಗುವ ಈ ಗುರುತಿನ ಹಿಂದೆ ಒಂದು ಹೋರಾಟದ ಕಥೆಯಿದೆ. ಕನ್ನಡದ ಮಟ್ಟಿಗೆ ಆ ಕಥೆ 1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಆರಿಸಿಬಂದ ಮೂವತ್ತಾರರ ಹರೆಯದ ಸದಸ್ಯರೊಬ್ಬರಿಂದ ಆರಂಭವಾಗುತ್ತದೆ. ಅವರು ಜಯದೇವಪ್ಪ ಹಾಲಪ್ಪ ಪಟೇಲ್. ನಾಡು ಅವರನ್ನು ಬಲ್ಲದ್ದು ಜೆ.ಎಚ್. ಪಟೇಲ್ ಎಂಬ ಹೆಸರಿನಿಂದ.

ಪಟೇಲರು ಮುಂದೆ ಕರ್ನಾಟಕದ ಮುಖ್ಯಮಂತ್ರಿಗಳಾದರು. ಆ ಕಾರಣದಿಂದ ಅವರ ಬಗೆಗೆ ಬರೆಯುವವರು ಅಧಿಕಾರದ ಮೂರು ವರ್ಷಗಳ ಸುತ್ತ ಹೆಚ್ಚು ಸುತ್ತುತ್ತಾರೆ. ಕಾಸರಗೋಡಿನ ಕನ್ನಡಿಗರಾದ ನಮಗೆ ಅವರು ಮುಖ್ಯರಾಗುವುದು ಬೇರೊಂದು ಕಾರಣಕ್ಕೆ. ರಾಜ್ಯದ ಗಡಿ ನಮ್ಮನ್ನು ಬಿಟ್ಟು ಉತ್ತರಕ್ಕೆ ಸರಿದಾಗ ನಮ್ಮ ಮುಂದೆ ಉಳಿದ ಪ್ರಶ್ನೆ ಒಂದೇ: ಶಾಸನ ಮಾಡುವ ಸಭೆಯಲ್ಲಿ ನಮ್ಮ ಮಾತು ನಮ್ಮ ನುಡಿಯಲ್ಲಿ ಕೇಳಿಸೀತೇ? ಆ ಪ್ರಶ್ನೆಯನ್ನು ದೇಶದ ಅತ್ಯುನ್ನತ ಸಭೆಯಲ್ಲಿ ಕನ್ನಡದ ಪರವಾಗಿ ಎತ್ತಿ, ಬಾಯಿಂದಲೇ ಉತ್ತರ ಕೊಟ್ಟವರು ಪಟೇಲರು. ಈ ಸಂಚಿಕೆಯಲ್ಲಿ ಅವರನ್ನು ನೆನೆಯುವುದು ಆ ಕಾರಣಕ್ಕಾಗಿ.

ಮೊದಲು ಕಾನೂನಿನ ಮಾತನ್ನು ನೋಡಿಬಿಡೋಣ. ಸಂವಿಧಾನದ 120ನೆಯ ವಿಧಿಯಂತೆ ಸಂಸತ್ತಿನ ವ್ಯವಹಾರ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕು. ಅದರ ಬೆನ್ನಿಗೇ ಒಂದು ವಿನಾಯಿತಿ ಇದೆ. ಈ ಎರಡು ಭಾಷೆಗಳಲ್ಲಿ ತನ್ನ ಅಭಿಪ್ರಾಯವನ್ನು ಸಮರ್ಪಕವಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ನೀಡಬಹುದು. ರಾಜ್ಯಗಳ ಶಾಸನ ಸಭೆಗಳಿಗೂ 210ನೆಯ ವಿಧಿಯಲ್ಲಿ ಇದೇ ಅಚ್ಚಿನ ವಿನಾಯಿತಿ ಇದೆ. ಎರಡೂ ಕಡೆ ಗಮನಿಸಬೇಕಾದದ್ದು ಆ ವಿನಾಯಿತಿಯ ಧಾಟಿ. ಮಾತೃಭಾಷೆ ಅಲ್ಲಿ ಹಕ್ಕಾಗಿ ಬಂದಿಲ್ಲ; ಅಸಮರ್ಥನಿಗೆ ತೋರುವ ದಯೆಯಾಗಿ ಬಂದಿದೆ. ಶಾಲೆಗೆ ಹೋಗದ, ಊರು ದಾಟದ ಬಡ ಸದಸ್ಯನೊಬ್ಬ ಎದ್ದು ನಿಂತರೆ ಅವನಿಗೆ ಅನುಕೂಲವಾಗಲಿ ಎಂಬ ಸದುದ್ದೇಶ ಅದರಲ್ಲಿ ಇದ್ದೀತು. ಆದರೆ ಇಂಗ್ಲಿಷ್ ಬಲ್ಲವನು ಬೇಕೆಂದೇ ತನ್ನ ನುಡಿಯಲ್ಲಿ ಮಾತನಾಡಲು ಬಯಸಿದರೆ? ಸಂವಿಧಾನದ ಅಕ್ಷರ ಆ ಪ್ರಶ್ನೆಯನ್ನು ನಿರೀಕ್ಷಿಸಿದಂತೆ ಕಾಣುವುದಿಲ್ಲ.

ಪಟೇಲರು ಕಾನೂನು ಪದವೀಧರರು. ಇಂಗ್ಲಿಷ್ ಅವರಿಗೆ ತೊಡಕಾಗಿರಲಿಲ್ಲ. ಅವರ ಕನ್ನಡ ಭಾಷಣಕ್ಕೆ ತೂಕ ಬಂದದ್ದು ಇಲ್ಲಿಂದಲೇ.

ಆ ನಿಲುವು ಒಂದು ದಿನದ ಉಮೇದಿನಲ್ಲಿ ಹುಟ್ಟಿದ್ದಲ್ಲ. ಪಟೇಲರು 1930ರ ಅಕ್ಟೋಬರ್ 1ರಂದು ಚನ್ನಗಿರಿ ತಾಲೂಕಿನ ಕಾರಿಗನೂರಿನಲ್ಲಿ ಜನಿಸಿದರು. ಚನ್ನಗಿರಿ ಆಗ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಆ ಜಿಲ್ಲೆ ಸಮಾಜವಾದಿಗಳ ತವರಾಯಿತು. ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಅಳತೆಯ ಬಗೆಗೆ ಗೇಣಿದಾರರಿಗೂ ಒಡೆಯರಿಗೂ ಎದ್ದ ತಕರಾರು 1951ರಲ್ಲಿ ಸತ್ಯಾಗ್ರಹವಾಗಿ ಬೆಳೆಯಿತು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಗೇಣಿದಾರರ ಬೆನ್ನಿಗೆ ಸಮಾಜವಾದಿ ಪಕ್ಷ ನಿಂತಿತು. ಆ ವರ್ಷದ ಜೂನಿನಲ್ಲಿ ಡಾ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಕೊಳಗದಂಥ ಮನೆಬಳಕೆಯ ಪಾತ್ರೆಯೊಂದು ರಾಜಕಾರಣದ ವಸ್ತುವಾಗಬಲ್ಲದು ಎಂಬ ಪಾಠವನ್ನು ಮಲೆನಾಡಿನ ಒಂದು ತಲೆಮಾರು ಅಲ್ಲಿ ಕಲಿಯಿತು.

ಆ ಸತ್ಯಾಗ್ರಹದ ಮುಂದಾಳುಗಳಲ್ಲೊಬ್ಬರು ತೀರ್ಥಹಳ್ಳಿ ತಾಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು. ಮರುವರ್ಷ, 1952ರ ಚುನಾವಣೆಯಲ್ಲಿ, ಅವರು ಮೈಸೂರು ವಿಧಾನಸಭೆಯನ್ನು ಪ್ರವೇಶಿಸಿದರು. ಹಣವಿಲ್ಲದ, ಜಾತಿಬಲವನ್ನು ನೆಚ್ಚದ ಒಬ್ಬ ಯುವಕ ಗೆದ್ದುಬಂದದ್ದು ಅಂದಿನ ಮಟ್ಟಿಗೆ ಸೋಜಿಗದ ಸಂಗತಿ. 1957ರಲ್ಲಿ ಸೋತು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದ ಗೋಪಾಲಗೌಡರು ಸದನದಲ್ಲಿ ಗೇಣಿದಾರನ ಪರವಾಗಿ, ಕನ್ನಡದಲ್ಲಿ ಆಡಳಿತ ನಡೆಯಬೇಕೆಂಬುದರ ಪರವಾಗಿ, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಬೇಕೆಂಬುದರ ಪರವಾಗಿ ಬಿಡದೆ ವಾದಿಸಿದರು. 1972ರ ಜೂನಿನಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡ ಅವರಿಗೆ ಮರುವರ್ಷದ ನವೆಂಬರ್ 1ರಂದು ರಾಜ್ಯಕ್ಕೆ ಆ ಹೆಸರು ಬಂದದ್ದನ್ನು ಕಾಣುವ ಯೋಗವಿರಲಿಲ್ಲ. ಪಟೇಲರು ಗೋಪಾಲಗೌಡರನ್ನು ಗುರುವೆಂದೇ ಭಾವಿಸಿದ್ದರು. ಇಬ್ಬರ ಸ್ವಭಾವ ಬೇರೆಬೇರೆ. ಗುರುವಿನದು ಉರಿ, ಶಿಷ್ಯನದು ತಣ್ಣನೆಯ ಹಾಸ್ಯ. ಆದರೆ ಸದನವೆಂದರೆ ಜನರ ಮಾತು ಜನರಿಗೆ ತಿಳಿಯುವ ಹಾಗೆ ಕೇಳಿಸಬೇಕಾದ ಜಾಗ ಎಂಬ ನಂಬಿಕೆ ಇಬ್ಬರಿಗೂ ಒಂದೇ ಆಗಿತ್ತು.

ಆ ನಂಬಿಕೆಗೆ ಸಿದ್ಧಾಂತದ ಬಲ ಕೊಟ್ಟವರು ಲೋಹಿಯಾ. 1963ರಲ್ಲಿ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಬಂದ ಅವರು ದೇಶದ ಬಹುಪಾಲು ಬಡವರು ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದು ಹೇಳಿ ನೆಹರೂ ಸರಕಾರವನ್ನು ಇಕ್ಕಟ್ಟಿಗೆ ಸಿಲುಕಿಸಿದ್ದು ನಮ್ಮ ಸಂಸದೀಯ ಇತಿಹಾಸದ ಹೆಸರುವಾಸಿ ಚರ್ಚೆಗಳಲ್ಲೊಂದು. ಸರಕಾರ ಹದಿನೈದಾಣೆಯ ಲೆಕ್ಕ ಹೇಳಿತು. ವಾದ ಆಣೆಗಳ ಮೇಲೆಯೇ ನಡೆಯಿತು. ಯೋಜನಾ ಆಯೋಗದ ಕೋಷ್ಟಕಗಳನ್ನು ಸಂತೆಗೆ ಹೋಗುವವನ ಕೈಯ ಚಿಲ್ಲರೆಗೆ ಇಳಿಸಿದ ಚರ್ಚೆ ಅದು. ಇಂಗ್ಲಿಷಿನಲ್ಲಿ ನಡೆಯುವ ರಾಜ್ಯಭಾರ ಸಾಮಾನ್ಯನನ್ನು ಹೊಸ್ತಿಲ ಆಚೆಗೇ ನಿಲ್ಲಿಸುತ್ತದೆ ಎಂಬ ಲೋಹಿಯಾ ಅವರ ಭಾಷಾ ವಿಚಾರವೂ ಇದೇ ಬೇರಿನಿಂದ ಹುಟ್ಟಿದ್ದು.

1967ರ ಚುನಾವಣೆ ಕಾಂಗ್ರೆಸ್ಸಿನ ಏಕಚಕ್ರಾಧಿಪತ್ಯಕ್ಕೆ ಮೊದಲ ದೊಡ್ಡ ಪೆಟ್ಟು ಕೊಟ್ಟಿತು. 520 ಸ್ಥಾನಗಳ ಲೋಕಸಭೆಯಲ್ಲಿ ಆ ಪಕ್ಷಕ್ಕೆ ದಕ್ಕಿದ್ದು 283. ಸಂಯುಕ್ತ ಸೋಷಲಿಸ್ಟ್ ಪಕ್ಷ 23 ಸ್ಥಾನಗಳನ್ನು ಪಡೆಯಿತು. ಲೋಹಿಯಾ, ಮಧು ಲಿಮಯೆ, ಎಸ್.ಎಂ. ಜೋಶಿ, ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಕೆಡವಿದ ಜಾರ್ಜ್ ಫರ್ನಾಂಡಿಸ್, ಒರಿಸ್ಸಾದ ರವಿ ರಾಯ್ ಇವರೆಲ್ಲ ಆ ಸಾಲಿನಲ್ಲಿದ್ದರು. ಮಂಗಳೂರಿನಲ್ಲಿ ಹುಟ್ಟಿ ಬೆಳೆದ ಫರ್ನಾಂಡಿಸರು ಮುಂಬಯಿಯ ಪ್ರತಿನಿಧಿಯಾಗಿ ಕುಳಿತಿದ್ದ ಆ ಗುಂಪಿನಲ್ಲಿ ಕನ್ನಡ ನಾಡಿನ ಕ್ಷೇತ್ರದಿಂದ ಬಂದು ಕುಳಿತವರು ಶಿವಮೊಗ್ಗದ ಪಟೇಲರು.

ಅದು ಭಾಷೆಯ ವಿಷಯದಲ್ಲಿ ಉರಿಯುತ್ತಿದ್ದ ಕಾಲ. 1965ರಲ್ಲಿ ತಮಿಳುನಾಡು ಹಿಂದಿ ವಿರೋಧಿ ಚಳವಳಿಯಲ್ಲಿ ಬೆಂದಿತ್ತು. ಅದರ ಫಲವಾಗಿ ದ್ರಾವಿಡ ಮುನ್ನೇಟ್ರ ಕಳಗಂ ಮದ್ರಾಸಿನಲ್ಲಿ ಅಧಿಕಾರ ಹಿಡಿದು, ಲೋಕಸಭೆಗೂ 25 ಸದಸ್ಯರನ್ನು ಕಳುಹಿಸಿತ್ತು. ಇಂಗ್ಲಿಷ್ ಉಳಿಯಲಿ ಎಂಬುದು ಅವರ ಪಟ್ಟು. ಇಂಗ್ಲಿಷ್ ತೊಲಗಲಿ ಎಂಬುದು ಪಟೇಲರ ಪಕ್ಷದ ಪಟ್ಟು. 1967ರ ಡಿಸೆಂಬರಿನಲ್ಲಿ ರಾಜಭಾಷಾ ತಿದ್ದುಪಡಿ ಮಸೂದೆ ಸದನದ ಮುಂದೆ ಬಂದಾಗ ಈ ಎರಡು ಪಟ್ಟುಗಳೂ ಎದುರುಬದುರಾದವು. ಲೋಹಿಯಾ ಅಷ್ಟರಲ್ಲಿ ಕಣ್ಮರೆಯಾಗಿದ್ದರು. ಅಕ್ಟೋಬರ್ 12ರಂದು ಅವರು ತೀರಿಕೊಂಡಿದ್ದರು.

ಇಂಥ ಹೊತ್ತಿನಲ್ಲಿ ದಕ್ಷಿಣದ ಒಬ್ಬ ಲೋಹಿಯಾವಾದಿಯ ಪಾಡನ್ನು ಊಹಿಸಿಕೊಳ್ಳಬೇಕು. ಇಂಗ್ಲಿಷ್ ಬೇಡವೆಂದು ಅವನು ಹೇಳಿದರೆ, ಹಾಗಾದರೆ ಹಿಂದಿ ಬೇಕೆಂದಾಯಿತಲ್ಲ ಎಂದು ಅವನ ಊರಿನವರು ಅನುಮಾನಿಸುತ್ತಾರೆ. ಹಿಂದಿ ಬೇಡವೆಂದರೆ, ಇಂಗ್ಲಿಷಿಗೆ ಜೋತುಬಿದ್ದವನೆಂದು ಉತ್ತರದ ಗೆಳೆಯರು ಹುಬ್ಬೇರಿಸುತ್ತಾರೆ. ಹಿಂದಿ ಮಾತೃಭಾಷೆಯಾದ ಸದಸ್ಯನು ಇಂಗ್ಲಿಷನ್ನು ಬಿಟ್ಟರೆ ಅವನಿಗೆ ನಷ್ಟವೇನಿಲ್ಲ; ನಿಯಮವೇ ಅವನ ನುಡಿಗೆ ಆಸನ ಹಾಕಿ ಕೊಟ್ಟಿದೆ. ಕನ್ನಡದವನಿಗೆ ಇಂಗ್ಲಿಷನ್ನು ಬಿಟ್ಟರೆ ಕಾಲಿಡಲು ಜಾಗವೇ ಇಲ್ಲ. ಆ ಜಾಗವನ್ನು ಮಾಡಿಕೊಳ್ಳಲು ಇದ್ದದ್ದು ಒಂದೇ ದಾರಿ: ಸದನದಲ್ಲಿ ಎದ್ದು ಕನ್ನಡದಲ್ಲೇ ಮಾತನಾಡುವುದು. ಪಟೇಲರು ಆರಿಸಿಕೊಂಡದ್ದು ಆ ದಾರಿ. ಜನಭಾಷೆ ಎಂಬ ತಮ್ಮ ಪಕ್ಷದ ಮಾತನ್ನು ಅದರ ನಿಜವಾದ ಅರ್ಥಕ್ಕೆ ಹಿಡಿದು ನಿಲ್ಲಿಸಿದ ನಡೆ ಇದು ಎಂದು ನಾವು ತಿಳಿಯುತ್ತೇವೆ. ಇಂಗ್ಲಿಷಿನ ಜಾಗಕ್ಕೆ ಹಿಂದಿ ಮಾತ್ರ ಬಂದರೆ ಅದು ಜನಭಾಷೆಯ ಗೆಲುವಲ್ಲ ಎಂಬುದನ್ನು ಮಸೂದೆಗೆ ತಿದ್ದುಪಡಿ ತರದೆಯೇ ಅವರು ಮನಗಾಣಿಸಿದರು.

ಆಗ ಸಭಾಧ್ಯಕ್ಷ ಪೀಠದಲ್ಲಿದ್ದವರು ನೀಲಂ ಸಂಜೀವ ರೆಡ್ಡಿಯವರು. ಪಟೇಲರಿಗೆ ಕನ್ನಡದಲ್ಲಿ ಮಾತನಾಡಲು ಅವಕಾಶ ಸಿಕ್ಕಿದ್ದು ಅವರ ಬೆಂಬಲದಿಂದ. ರೆಡ್ಡಿಯವರು ಅನಂತಪುರ ಜಿಲ್ಲೆಯವರು. ಆ ಬಾರಿ ಲೋಕಸಭೆಗೆ ಬಂದದ್ದು ಹಿಂದೂಪುರದಿಂದ. ಮಡಕಶಿರಾ, ಪಾವಗಡಗಳ ನೆರೆಯ ಆ ನಾಡಿನಲ್ಲಿ ಸಂತೆಗೆ ಹೋದವನ ಕಿವಿಗೆ ತೆಲುಗಿನ ಜೊತೆಗೆ ಕನ್ನಡವೂ ಬೀಳುತ್ತದೆ. ಗಡಿನಾಡಿನ ಗಾಳಿ ಕುಡಿದವರೊಬ್ಬರು ಆ ಪೀಠದಲ್ಲಿದ್ದದ್ದು ಕಾಕತಾಳೀಯವೇ ಇರಬಹುದು. ಆದರೂ ಗಡಿನಾಡಿನವರಾದ ನಮಗೆ ಅದನ್ನು ಬರೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಹೀಗೆ ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದವರೆಂಬ ಕೀರ್ತಿ ಪಟೇಲರ ಪಾಲಿಗೆ ಬಂತು. ಕೀರ್ತಿಗಿಂತ ಮುಖ್ಯವಾದದ್ದು ಅದರ ಪರಿಣಾಮ. ಇಂಗ್ಲಿಷ್ ಬಲ್ಲ ವಕೀಲನೊಬ್ಬನಿಗೆ ಮಾತೃಭಾಷೆಯ ಅನುಮತಿ ದೊರೆತ ಮೇಲೆ, ‘ಸಮರ್ಪಕವಾಗಿ ಹೇಳಲಾರದವನು’ ಎಂಬ ಮಾತಿನ ಅರ್ಥವೇ ಹಿಗ್ಗಿತು. ಒಬ್ಬ ಮನುಷ್ಯ ಪರಭಾಷೆಯನ್ನು ಎಷ್ಟೇ ಬಲ್ಲವನಾಗಿರಲಿ, ತನ್ನ ಊರಿನ ಕಷ್ಟವನ್ನು ಅದರಲ್ಲಿ ಸಮರ್ಪಕವಾಗಿ ಹೇಳಬಲ್ಲನೇ ಇಲ್ಲವೇ ಎಂಬುದನ್ನು ತೀರ್ಮಾನಿಸಬೇಕಾದವನು ಅವನೇ ಹೊರತು ಇನ್ನೊಬ್ಬರಲ್ಲ. ಕೊಳಗಕ್ಕೆ ಇಂಗ್ಲಿಷಿನಲ್ಲಿ ಏನನ್ನುವುದು? ಗೇಣಿ, ಗುತ್ತಿಗೆ, ಚಾಲಗೇಣಿ, ಮೂಲಗೇಣಿ ಇವುಗಳ ನಡುವಿನ ಅಂತರವನ್ನು ದಕ್ಷಿಣ ಕನ್ನಡದ ರೈತನೊಬ್ಬ ಒಂದು ಉಸಿರಿನಲ್ಲಿ ಹೇಳಿಯಾನು. ಇಂಗ್ಲಿಷಿನಲ್ಲಿ ಹೇಳಹೊರಟ ವಿದ್ವಾಂಸ ಪ್ರತಿಯೊಂದಕ್ಕೂ ಅಡಿಟಿಪ್ಪಣಿ ಬರೆಯಬೇಕು.

ಆದರೆ ಅನುಮತಿ ದೊರೆತ ಮಾತ್ರಕ್ಕೆ ಮಾತು ಮುಟ್ಟಿದಂತಾಗುವುದಿಲ್ಲ. ಲೋಕಸಭೆಯಲ್ಲಿ ಹಿಂದಿ ಮತ್ತು ಇಂಗ್ಲಿಷುಗಳ ನಡುವೆ ಕೂಡಲೇ ಅನುವಾದ ಮಾಡಿ ಕಿವಿಗೆ ಮುಟ್ಟಿಸುವ ವ್ಯವಸ್ಥೆ 1964ರಲ್ಲಿ ಆರಂಭವಾಗಿತ್ತು. ಉಳಿದ ಭಾಷೆಗಳಿಗೆ ಆ ಸೌಕರ್ಯ ಹಂತಹಂತವಾಗಿ, ನಂತರದ ವರ್ಷಗಳಲ್ಲಿ ಬಂತು. ಕನ್ನಡದಲ್ಲಿ ಮಾತನಾಡಲು ಬಯಸುವ ಸದಸ್ಯ ಮೊದಲೇ ತಿಳಿಸಿದರೆ ಕನ್ನಡದ ಅನುವಾದಕರು ಕೋಣೆಯಲ್ಲಿ ಕುಳಿತಿರುತ್ತಾರೆ. ಸಿದ್ಧಪಡಿಸಿಕೊಂಡು ಬಂದ ಭಾಷಣಕ್ಕೆ ಇದು ಒದಗುತ್ತದೆ. ಆದರೆ ಸಂಸದೀಯ ಚರ್ಚೆಯ ಜೀವ ಇರುವುದು ಸಿದ್ಧ ಭಾಷಣದಲ್ಲಲ್ಲ. ಎದುರಿನವನ ಮಾತಿಗೆ ತಟ್ಟನೆ ಕೊಡುವ ಉತ್ತರದಲ್ಲಿ, ನಡುವೆ ಎದ್ದು ಕೇಳುವ ಪ್ರಶ್ನೆಯಲ್ಲಿ, ಒಂದು ಚಾಟಿಯಲ್ಲಿ. ಮೊದಲೇ ಸೂಚನೆ ಕೊಟ್ಟು ಚಾಟಿ ಬೀಸುವುದು ಯಾರಿಂದಲೂ ಆಗದ ಕೆಲಸ. ಈ ಕೊರತೆಯನ್ನು ನಾವು ಮರೆಯಬಾರದು. ನಡಾವಳಿಯಲ್ಲಿಯೂ ಉಳಿಯುವುದು ಅನುವಾದ. ಸದಸ್ಯನು ಆಡಿದ ಕನ್ನಡದ ಪದ ಯಾವುದು, ಆ ಪದಕ್ಕೆ ಸದನ ನಕ್ಕಿತೋ ಸಿಡಿಮಿಡಿಗೊಂಡಿತೋ ಎಂಬುದು ಆ ಪುಟಗಳಿಂದ ತಿಳಿಯುವುದಿಲ್ಲ.

ಆ ನಾಲ್ಕನೆಯ ಲೋಕಸಭೆ ಕಂಡ ದಿನಗಳು ಸಣ್ಣವೇನಲ್ಲ. 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣ, ಅದೇ ವರ್ಷ ಕಾಂಗ್ರೆಸ್ಸಿನ ಒಡಕು, ಮರುವರ್ಷ ಮಾಜಿ ಅರಸರ ರಾಜಧನವನ್ನು ರದ್ದುಮಾಡುವ ಮಸೂದೆ. ಪಟೇಲರಿಗೆ ಅವಕಾಶ ಕೊಟ್ಟಿದ್ದ ಸಂಜೀವ ರೆಡ್ಡಿಯವರೇ ಪೀಠವನ್ನು ಬಿಟ್ಟು ರಾಷ್ಟ್ರಪತಿ ಚುನಾವಣೆಗೆ ನಿಂತು ವಿ.ವಿ. ಗಿರಿಯವರ ಎದುರು ಸೋತರು. ಆ ಬಿರುಗಾಳಿಯ ಕೊನೆಯಲ್ಲಿ, 1971ರ ಚುನಾವಣೆಯಲ್ಲಿ, ಇಂದಿರಾ ಅಲೆಯ ಎದುರು ಪಟೇಲರೂ ಸೋತರು. ಅವರು ಲೋಕಸಭೆಯಲ್ಲಿದ್ದದ್ದು ನಾಲ್ಕು ವರ್ಷ ಮಾತ್ರ.

ಆ ನಾಲ್ಕು ವರ್ಷಗಳು ನಮ್ಮ ಊರಿನ ಇತಿಹಾಸದಲ್ಲಿಯೂ ಮುಖ್ಯವಾದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಎದ್ದ ಕೂಗಿಗೆ ಉತ್ತರವೆಂಬಂತೆ 1966ರ ಅಕ್ಟೋಬರಿನಲ್ಲಿ ಮಹಾಜನ ಆಯೋಗ ನೇಮಕವಾಯಿತು. ಪಟೇಲರು ಲೋಕಸಭೆ ಪ್ರವೇಶಿಸಿದ ವರ್ಷವೇ, 1967ರ ಆಗಸ್ಟಿನಲ್ಲಿ, ಆಯೋಗ ವರದಿ ಕೊಟ್ಟಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂಬ ಅದರ ಶಿಫಾರಸು ನಮ್ಮ ಹಿರಿಯರಿಗೆ ಬಾಯಿಪಾಠವಾಗಿತ್ತು. ವರದಿ ಜಾರಿಗೆ ಬರಲಿಲ್ಲ. ಲೋಕಸಭೆಯಲ್ಲಿ ಆಗ ಕಾಸರಗೋಡು ಕ್ಷೇತ್ರದ ಪ್ರತಿನಿಧಿಯಾಗಿದ್ದವರು ಎ.ಕೆ. ಗೋಪಾಲನ್, ಬಡವರ ಪರವಾದ ಅವರ ದನಿಯ ಬಗೆಗೆ ಯಾರಿಗೂ ಎರಡು ಮಾತಿಲ್ಲ. ಆದರೂ ಆ ಸಭೆಯಲ್ಲಿ ಕನ್ನಡದ ನುಡಿ ಕೇಳಿಸಿತೆಂಬ ಸುದ್ದಿ ಇಲ್ಲಿನ ಕನ್ನಡ ಮನೆಗಳಲ್ಲಿ ಬೇರೆಯದೇ ಆದ ಸಮಾಧಾನ ತಂದಿತೆಂದು ನಮ್ಮ ಸಂಘದ ಹಿರಿಯರು ಹೇಳುವುದನ್ನು ನಾವು ಕೇಳಿ ಬೆಳೆದಿದ್ದೇವೆ. ನೆಲದ ಪ್ರಶ್ನೆ ತೀರದಿದ್ದರೂ ನುಡಿಗೆ ಒಂದು ನೆಲೆ ಸಿಕ್ಕಿತೆಂಬ ಸಮಾಧಾನ ಅದು.

ಪಟೇಲರ ಮುಂದಿನ ಬದುಕು ವಿಧಾನಸಭೆಯದು. ತುರ್ತುಪರಿಸ್ಥಿತಿಯಲ್ಲಿ ಸೆರೆವಾಸ ಅನುಭವಿಸಿ ಹೊರಬಂದ ಅವರು 1978ರಲ್ಲಿ ಜನತಾ ಪಕ್ಷದಿಂದ ಚನ್ನಗಿರಿಯ ಶಾಸಕರಾದರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರಕಾರ ರಚನೆಯಾದಾಗ ಮಂತ್ರಿಗಳಾದರು. 1985ರಲ್ಲಿ ಮತ್ತೆ ಗೆದ್ದರು. 1994ರ ಚುನಾವಣೆಯ ನಂತರ ಎಚ್.ಡಿ. ದೇವೇಗೌಡರ ಸರಕಾರದಲ್ಲಿ ಉಪಮುಖ್ಯಮಂತ್ರಿಗಳಾಗಿ, ದೇವೇಗೌಡರು ಪ್ರಧಾನಿಯಾಗಿ ದೆಹಲಿಗೆ ಹೋದಾಗ 1996ರ ಮೇ 31ರಂದು ಮುಖ್ಯಮಂತ್ರಿಗಳಾದರು.

ಸದನದಲ್ಲಿ ಪಟೇಲರ ಆಯುಧ ಹಾಸ್ಯ. ಅವರ ಹೆಸರಿನಲ್ಲಿ ಇಂದು ಓಡಾಡುವ ನಗೆಮಾತುಗಳಿಗೆ ಲೆಕ್ಕವಿಲ್ಲ. ಬೀರಬಲ್ಲನ ಹಾಗೆ, ತೆನಾಲಿ ರಾಮನ ಹಾಗೆ, ಊರಿನ ಜಾಣ್ಮೆಯೆಲ್ಲ ಒಬ್ಬರ ಖಾತೆಗೆ ಜಮೆಯಾಗುವುದು ನಮ್ಮಲ್ಲಿ ಹೊಸತಲ್ಲ. ಅವುಗಳನ್ನು ಇಲ್ಲಿ ಎತ್ತಿ ಹೇಳುವ ಬದಲು ಆ ಹಾಸ್ಯ ಸದನದಲ್ಲಿ ಮಾಡುತ್ತಿದ್ದ ಕೆಲಸವನ್ನು ನೋಡುವುದು ಒಳಿತು. ಆಳುವವನನ್ನು ಕೆಣಕುವುದು ವಿರೋಧ ಪಕ್ಷದ ಕಸಬು. ಕೆಣಕಿಗೆ ಸಿಟ್ಟು ಬಂದರೆ ಚರ್ಚೆ ಮುಗಿದು ಗದ್ದಲ ಹುಟ್ಟುತ್ತದೆ. ಪಟೇಲರು ಸಿಟ್ಟಾಗುತ್ತಿರಲಿಲ್ಲ. ತಮ್ಮ ಮೇಲಿನ ಆರೋಪವನ್ನು ತಾವೇ ಒಂದು ಹೆಜ್ಜೆ ಮುಂದೆ ಒಯ್ದು ನಗುತ್ತಿದ್ದರು. ಖಾಸಗಿ ಬದುಕಿನ ದೌರ್ಬಲ್ಯಗಳನ್ನು ಸಹ ಮುಚ್ಚಿಡದೆ ಒಪ್ಪಿಕೊಳ್ಳುತ್ತಿದ್ದ ಅವರ ಎದುರು ಗುಟ್ಟು ಬಯಲು ಮಾಡುತ್ತೇವೆಂಬ ಬೆದರಿಕೆ ನಡೆಯುತ್ತಿರಲಿಲ್ಲ. ಇದನ್ನು ಆದರ್ಶವೆಂದು ನಾವು ಹೇಳುತ್ತಿಲ್ಲ; ನಮ್ಮ ಮನೆಗಳ ಹಿರಿಯರಲ್ಲಿ ಅದನ್ನು ಮೆಚ್ಚದವರೂ ಬಹಳ ಮಂದಿ ಇದ್ದರು. ಆದರೆ ಸದನದ ಕಾವು ಇಳಿದು ವಿಷಯಕ್ಕೆ ಮರಳಲು ಆ ನಗು ದಾರಿ ಮಾಡಿಕೊಡುತ್ತಿದ್ದದ್ದು ನಿಜ. ಮತ್ತು ಆ ನಗು ಹುಟ್ಟುತ್ತಿದ್ದದ್ದು ಚನ್ನಗಿರಿಯ ಆಡುಮಾತಿನಿಂದ. ಇಂಗ್ಲಿಷಿಗೆ ಹಾಕಿದರೆ ಅರ್ಧ ಸೋರಿಹೋಗುವ ಮಾತು ಅದು.

ಅವರ ಆಡಳಿತ ಕಾಲದಲ್ಲಿ ನೆನಪಿಡಬೇಕಾದ ದೊಡ್ಡ ಕೆಲಸ 1997ರಲ್ಲಿ ಏಳು ಹೊಸ ಜಿಲ್ಲೆಗಳ ರಚನೆ. ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಚಾಮರಾಜನಗರ ಮತ್ತು ನಮ್ಮ ನೆರೆಯ ಉಡುಪಿ ಜಿಲ್ಲೆಗಳಾದವು. ತಮ್ಮದೇ ಚನ್ನಗಿರಿ ತಾಲೂಕು ಶಿವಮೊಗ್ಗದಿಂದ ಕಳಚಿ ದಾವಣಗೆರೆಗೆ ಸೇರಿತು. ಗಡಿ ಎಳೆಯುವುದು ಎಂಥ ಕೆಲಸ ಎಂಬುದನ್ನು ಬಲ್ಲ ನಮಗೆ ಇದು ಕುತೂಹಲದ ಸಂಗತಿ. ಏಳು ಕಡೆ ಗೆರೆ ಎಳೆದರೂ ಜನರ ನುಡಿಯಾಗಲಿ ನೆಂಟಸ್ತಿಕೆಯಾಗಲಿ ತುಂಡಾಗಲಿಲ್ಲ. ಜಿಲ್ಲಾ ಕಚೇರಿ ಮಾತ್ರ ಹತ್ತಿರ ಬಂತು. ಗಡಿಯೊಂದು ಹೀಗೂ ಇರಬಹುದು!

ಇನ್ನೊಂದು ಕಾವೇರಿಯ ವಿಷಯ. 1998ರ ಆಗಸ್ಟಿನಲ್ಲಿ ಪ್ರಧಾನಿ ವಾಜಪೇಯಿಯವರು ಕರೆದ ಸಭೆಯಲ್ಲಿ ಪಟೇಲರು ತಮಿಳುನಾಡಿನ ಕರುಣಾನಿಧಿ, ಕೇರಳದ ಇ.ಕೆ. ನಾಯನಾರ್ ಮತ್ತು ಪುದುಚೇರಿಯ ಮುಖ್ಯಮಂತ್ರಿಗಳೊಂದಿಗೆ ಕುಳಿತು ಒಪ್ಪಂದಕ್ಕೆ ಬಂದರು. ಪ್ರಧಾನಿ ಅಧ್ಯಕ್ಷತೆಯ ಕಾವೇರಿ ನದಿ ಪ್ರಾಧಿಕಾರ ಹುಟ್ಟಿದ್ದು ಹೀಗೆ. 1971ರಲ್ಲಿ ನಮ್ಮ ಕಾಸರಗೋಡಿನಲ್ಲಿ ಲೋಕಸಭೆಗೆ ನಿಂತು ಸೋತಿದ್ದ ನಾಯನಾರರೂ, ಅದೇ ಚುನಾವಣೆಯಲ್ಲಿ ಶಿವಮೊಗ್ಗದಲ್ಲಿ ಸೋತಿದ್ದ ಪಟೇಲರೂ ಎರಡು ರಾಜ್ಯಗಳ ಮುಖ್ಯಮಂತ್ರಿಗಳಾಗಿ ಒಂದೇ ಮೇಜಿನ ಸುತ್ತ ಕುಳಿತಿದ್ದರು. ನಗೆಮಾತಿಗೆ ಇಬ್ಬರೂ ಹೆಸರಾದವರೇ.

ಹೊಗಳಿಕೆಯೊಂದನ್ನೇ ಬರೆದರೆ ಪಟೇಲರಿಗೆ ಅನ್ಯಾಯವಾದೀತು; ಅವರು ಅಂಥ ಬರಹವನ್ನು ಓದಿ ನಗುತ್ತಿದ್ದರು. ಆಡಳಿತದಲ್ಲಿ ಬಿಗಿಯಿಲ್ಲ, ಕಡತಗಳು ಕದಲುವುದಿಲ್ಲ, ಮಂತ್ರಿಗಳ ಮೇಲೆ ಹಿಡಿತವಿಲ್ಲ ಎಂಬ ಟೀಕೆ ಅವರ ಕಾಲದುದ್ದಕ್ಕೂ ಇತ್ತು, ಅದರಲ್ಲಿ ಹುರುಳೂ ಇತ್ತು. ಜನತಾದಳದ ಒಳಜಗಳ ಸರಕಾರವನ್ನು ತಿಂದುಹಾಕಿತು. 1999ರಲ್ಲಿ ಅವಧಿಗೆ ಮುನ್ನವೇ ವಿಧಾನಸಭೆಯನ್ನು ವಿಸರ್ಜಿಸಿ ಚುನಾವಣೆಗೆ ಹೋದರು, ಪಕ್ಷ ಒಡೆಯಿತು. ಜೀವನವಿಡೀ ಸಮಾಜವಾದಿಯಾಗಿದ್ದವರು ಭಾರತೀಯ ಜನತಾ ಪಕ್ಷದ ಜೊತೆಗಿನ ಮೈತ್ರಿಯಲ್ಲಿ ಚುನಾವಣೆ ಎದುರಿಸಿದ್ದು ಅನೇಕ ಹಳೆಯ ಗೆಳೆಯರಿಗೆ ನೋವು ತಂದಿತು. ಚನ್ನಗಿರಿಯಲ್ಲಿ ಅವರೇ ಸೋತರು. 2000ದ ಡಿಸೆಂಬರ್ 12ರಂದು ತೀರಿಕೊಂಡರು. ಆಡಳಿತಗಾರನಿಗಿಂತ ಸದನಪಟು ದೊಡ್ಡವನು ಎಂಬುದು ಅವರ ವಿಷಯದಲ್ಲಿ ನಮ್ಮ ತೀರ್ಮಾನ.

ಇನ್ನು ನಮ್ಮ ಮನೆಯ ಮಾತು. ಕೇರಳದ ಮೊದಲ ವಿಧಾನಸಭೆಗೆ 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರು ಅವಿರೋಧವಾಗಿ ಆಯ್ಕೆಯಾದರು. ಎದುರಾಳಿಯೇ ಇಲ್ಲದ ಆ ಆಯ್ಕೆಯೇ ಗಡಿಯ ಕನ್ನಡಿಗರು ಒಕ್ಕೊರಲಿನಿಂದ ಆಡಿದ ಮಾತಾಗಿತ್ತು. ನಂತರ ಕೆ. ಮಹಾಬಲ ಭಂಡಾರಿಯವರು ಅದೇ ಮಂಜೇಶ್ವರದಿಂದಲೂ 1967ರಲ್ಲಿ ಯು.ಪಿ. ಕುಣಿಕುಳ್ಳಾಯರು ಕಾಸರಗೋಡಿನಿಂದಲೂ ಆರಿಸಿಬಂದರು. ಮುಂದೆ ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪನವರು, ನೀರಾವರಿ ಮಂತ್ರಿಯೂ ಆದ ಡಾ. ಎ. ಸುಬ್ಬರಾಯರು ಮಂಜೇಶ್ವರದ ಪ್ರತಿನಿಧಿಗಳಾದರು. ಪಕ್ಷ, ಧರ್ಮ, ಮನೆಮಾತು ಏನೇ ಇರಲಿ, ಮಂಜೇಶ್ವರದಿಂದ ತಿರುವನಂತಪುರಕ್ಕೆ ಹೋಗುವವರ ಮುಂದೆ 210ನೆಯ ವಿಧಿಯ ಆ ವಿನಾಯಿತಿ ಇದ್ದೇ ಇರುತ್ತದೆ. 2021ರಲ್ಲಿ ಅಲ್ಲಿಂದ ಆರಿಸಿಬಂದ ಎ.ಕೆ.ಎಂ. ಅಶ್ರಫರು ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ನಮ್ಮಲ್ಲಿ ಅವರ ಪಕ್ಷಕ್ಕೆ ಮತ ಹಾಕದವರೂ ಆ ದೃಶ್ಯವನ್ನು ಮತ್ತೆ ಮತ್ತೆ ನೋಡಿದರು.

1969ರ ಕೇರಳ ರಾಜಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶ ಕೊಟ್ಟಿದೆ. ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಆಯಾ ಕಡೆ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿಯೂ ಹೇಳುತ್ತದೆ. ಹೀಗಿದ್ದೂ ಕನ್ನಡದಲ್ಲಿ ಬರೆದ ಅರ್ಜಿಯನ್ನು ಒಂದು ಕಚೇರಿ ಮರಳಿಸಿದಾಗ ನಾವು ಕಂಡುಕೊಂಡ ಸತ್ಯವಿದು: ಕಾಯ್ದೆಯಲ್ಲಿರುವ ಅವಕಾಶ ಬಳಸಿದವನಿಗೆ ಮಾತ್ರ ಅವಕಾಶ. ಮಲಯಾಳ ನಮಗೆ ಶತ್ರುವಲ್ಲ. ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿತಿದ್ದಾರೆ, ನಮ್ಮಲ್ಲಿ ಹಲವರು ಅದರಲ್ಲೇ ಉದ್ಯೋಗ ಮಾಡುತ್ತಾರೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದಾಗ ಇಲ್ಲಿ ನಡೆದ ಪ್ರತಿಭಟನೆಯಲ್ಲಿ ನಮ್ಮ ತಕರಾರು ಇದ್ದದ್ದು ಕಡ್ಡಾಯದ ಜೊತೆಗೆ. ಇನ್ನೊಂದು ಭಾಷೆ ಬರುತ್ತದಲ್ಲ, ನಿಮಗೆ ಕನ್ನಡ ಏಕೆ ಎಂಬ ಪ್ರಶ್ನೆ ನಮಗೆ ಆಗಾಗ ಎದುರಾಗುತ್ತದೆ. ಇಂಗ್ಲಿಷ್ ಬರುತ್ತದಲ್ಲ, ನಿಮಗೆ ಕನ್ನಡ ಏಕೆ ಎಂಬುದು 1967ರಲ್ಲಿ ಪಟೇಲರ ಎದುರಿಗೂ ಇದ್ದ ಪ್ರಶ್ನೆ.

ಈ ಸಮ್ಮೇಳನದ ಸಂದರ್ಭದಲ್ಲಿ ಸಂಘವು ಒಂದು ಕೆಲಸವನ್ನು ಕೈಗೆತ್ತಿಕೊಂಡಿದೆ. ಈ ಭಾಗದ ಶಾಸಕರು ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಆಡಿದ ಮಾತುಗಳೇನಾದರೂ ಉಳಿದಿದ್ದರೆ, ಅನುವಾದದಲ್ಲಲ್ಲದೆ ಮೂಲ ರೂಪದಲ್ಲಿ, ಅವುಗಳನ್ನು ಒಟ್ಟುಗೂಡಿಸಬೇಕೆಂಬುದು ನಮ್ಮ ಆಸೆ. ಹಸ್ತಪ್ರತಿ, ಟಿಪ್ಪಣಿ, ಪತ್ರಿಕೆಯ ತುಣುಕು, ಧ್ವನಿಸುರುಳಿ, ಏನೇ ಇದ್ದರೂ ಸದಸ್ಯರ ಮನೆಯವರು ಸಂಘದ ಕಾರ್ಯದರ್ಶಿಗಳಿಗೆ ತಲುಪಿಸಬೇಕಾಗಿ ಕೋರುತ್ತೇವೆ. ಪ್ರತಿ ಮಾಡಿಕೊಂಡು ಮೂಲವನ್ನು ಹಿಂತಿರುಗಿಸಲಾಗುವುದು.